ಕ್ವಾಲಿಟಿ ಕಂಟ್ರೋಲ್ ತಾತ

ಭದ್ರಾವತಿಯ ನ್ಯೂಟೌನಿನಲ್ಲಿ ಮಗಳು ಚೊಚ್ಚಲ ಹೆರಿಗೆಗೆ ಬಂದಿರುವ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಒಳಗೆ ಅಜ್ಜಿಯಾಗಲಿರುವವರು ಹಳೇ ಪಂಚೆ ಹರಿದು ಚೌಕ ಚೌಕ ಮಡಿಸುತ್ತಿರುತ್ತಾರೆ. ಜಗಲಿಯಲ್ಲಿ ತಾತನಾಗಲಿರುವವರು ವರ್ನಿಯರ್ ಕ್ಯಾಲಿಪರ್ ಹಿಡಿದು ತೊಟ್ಟಿಲ ಕಂಬಿಗಳ ಸಂದು ಅಳೆಯುತ್ತಿರುತ್ತಾರೆ. ಸಂದು 60 ಮಿಲಿಮೀಟರ್ ದಾಟಿತೋ, ಮೂರು ತಲೆಮಾರು ತೂಗಿದ ತೊಟ್ಟಿಲಾದರೂ ಸರಿ, ಅಟ್ಟಕ್ಕೆ ವಾಪಸ್. ಸೀಮೆಸುಣ್ಣದಲ್ಲಿ ಅದರ ಮೇಲೆ ಒಂದು ‘ಆರ್’ ಬೀಳುತ್ತದೆ. ರಿಜೆಕ್ಟೆಡ್.

ಇವರು ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದವರು. ಪೇಪರ್ ಟೌನಿನ ಎಂಪಿಎಂ ಕಾಗದ ಕಾರ್ಖಾನೆಯ ತಾತಂದಿರದು ಇನ್ನೊಂದು ತಳಿ. ಅವರು ಡೈಪರ್ ಕೈಗೆ ಸಿಕ್ಕ ಕೂಡಲೇ ಪಲ್ಪ್ ಯಾವುದೆಂದು ಹರಿದು ನೋಡುತ್ತಾರೆ. ನಮ್ಮವರು ಹಾಗೆ ಹರಿಯುವುದಿಲ್ಲ, ಬಗ್ಗಿಸಿ ನೋಡುತ್ತಾರೆ. 1923ರಲ್ಲಿ ಮೈಸೂರು ಐರನ್ ವರ್ಕ್ಸ್ ಎಂಬ ಹೆಸರಿನಲ್ಲಿ ಕಬ್ಬಿಣ ಹರಿಸಲು ಶುರುಮಾಡಿದ ಕಾರ್ಖಾನೆ ಊರಿಗೆ ಕೊಟ್ಟದ್ದು ಬರೀ ಸಂಬಳವಲ್ಲ, ಸ್ವಭಾವವನ್ನೂ ಕೊಟ್ಟಿತು. ಹೆಸರು ಬದಲಾಯಿತು, 1998ರಲ್ಲಿ ಉಕ್ಕು ಪ್ರಾಧಿಕಾರವಾದ ಸೇಲ್ ಜೊತೆ ವಿಲೀನವಾಯಿತು, ಕೆಲಸ ಕಡಿಮೆಯಾಗುತ್ತ ಬಂತು. ತಾತನೊಳಗಿನ ತಪಾಸಣೆ ವಿಭಾಗ ಮಾತ್ರ ಮೂರೂ ಪಾಳಿ ನಡೆಯುತ್ತಿದೆ.

ಅವರಿಗಿರುವ ಒಂದೇ ಅಡ್ಡಿ ಅಜ್ಜಿ. ಮಗು ಹುಟ್ಟುವ ಮುಂಚೆ ಮನೆಗೆ ಹೊಸ ಸಾಮಾನು ತರಬಾರದು, ಮೊದಲ ಬಟ್ಟೆ ಹಳೆಯದೇ ಆಗಬೇಕು ಎಂಬುದು ಅಜ್ಜಿಯ ಕಾನೂನು. ತಾತ ಇದಕ್ಕೂ ದಾರಿ ಹುಡುಕಿದ್ದಾರೆ. ‘ನಾನೆಲ್ಲಿ ತಗೊಂಡೆ? ಬರೀ ಕೊಟೇಷನ್ ಕೇಳ್ಕೊಂಡು ಬರ್ತೀನಿ’ ಎನ್ನುತ್ತ ಬೆಳಿಗ್ಗೆಯೇ ಶಿವಮೊಗ್ಗದ ಬಸ್ಸು ಹತ್ತುತ್ತಾರೆ. ಭದ್ರಾವತಿಯಲ್ಲೇ ಅಂಗಡಿಗಳಿಲ್ಲವೆ? ಇವೆ. ಆದರೆ ಮೂರು ಕೊಟೇಷನ್ ಇಲ್ಲದೆ ಇವರು ತೆಂಗಿನಕಾಯಿಯನ್ನೂ ತಂದವರಲ್ಲ. ಬೀಗರ ಮನೆ ಬೇರೆ ಶಿವಮೊಗ್ಗದ ದುರ್ಗಿಗುಡಿಯಲ್ಲಿದೆ. ಹಾದಿಯಲ್ಲಿ ಹೊಕ್ಕು, ಮೊಮ್ಮಗುವಿಗೆ ನೀವೇನು ವ್ಯವಸ್ಥೆ ಮಾಡಿದ್ದೀರಿ ಎಂದು ಕೇಳಿ, ಬೀಗರು ಏನೂ ಮಾಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಲೋಟ ಕಾಫಿ ಕುಡಿದು ಹೊರಡುವುದರಲ್ಲಿ ಏನೋ ಒಂದು ನೆಮ್ಮದಿ.

ನೆಹರು ರಸ್ತೆಯ ಅಂಗಡಿ ಹುಡುಗರಿಗೆ ಇಂಥ ತಾತಂದಿರು ದೂರದಿಂದಲೇ ಗೊತ್ತಾಗುತ್ತಾರೆ: ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಹಳೇ ಡೈರಿ.

‘ಬಾಟ್ಲಿ ತೋರ್ಸು.’

‘ಇದು ಇಂಪೋರ್ಟೆಡ್ ಸರ್, ಆ್ಯಂಟಿ ಕಾಲಿಕ್.’

‘ಅದಿರ್ಲಿ. ಐಎಸ್ 14625 ಎಲ್ಲಿದೆ?’

ಹುಡುಗ ಬಾಟ್ಲಿಯನ್ನು ನಾಲ್ಕು ಸಲ ತಿರುಗಿಸುತ್ತಾನೆ. ತಾತ ನಿಪ್ಪಲ್ಲನ್ನು ಎಳೆದೆಳೆದು ಬಿಟ್ಟು ರಬ್ಬರಿನ ತಾಳಿಕೆ ನೋಡುತ್ತಾರೆ. ಪಕ್ಕದಲ್ಲಿ ನಿಂತ ಗರ್ಭಿಣಿಯೊಬ್ಬಳು ಮುಖ ತಿರುಗಿಸಿಕೊಳ್ಳುತ್ತಾಳೆ. ಇವರನ್ನು ನೋಡಿ ನಗುವುದು ಸುಲಭ. ಬಾಟ್ಲಿಯ ವಿಷಯದಲ್ಲಿ ಮಾತ್ರ ತಾತನ ಕಡೆಗೇ ನನ್ನ ಓಟು: ಪ್ಲಾಸ್ಟಿಕ್ ಹಾಲಿನ ಬಾಟಲಿಗೆ ಬಿಐಎಸ್ ಕೊಟ್ಟ ಸಂಖ್ಯೆ ನಿಜಕ್ಕೂ ಅದೇ, ಮತ್ತು ಆ ಗುರುತು ಹುಡುಕಿ ಬಾಟ್ಲಿ ಕೊಳ್ಳುವವರು ಶಿವಮೊಗ್ಗದಲ್ಲಿ ಬೆರಳೆಣಿಕೆ.

ಹಾಲಿನ ಪುಡಿಯ ಡಬ್ಬದ ಮುಂದೆ ತಾತ ಸ್ವಲ್ಪ ಗಲಿಬಿಲಿಗೊಂಡರು. ಸೋಪಿನ ಮೇಲೆ ಮಗು, ಪೌಡರಿನ ಮೇಲೆ ಮಗು, ಒರೆಸುವ ಕಾಗದದ ಮೇಲೂ ಮಗು. ಮಗು ಕುಡಿಯುವ ಪುಡಿಯ ಮೇಲೆ ಮಾತ್ರ ಮಗುವಿಲ್ಲ! ‘ಡೂಪ್ಲಿಕೇಟಾ?’ ಎಂದರು. ಡೂಪ್ಲಿಕೇಟಲ್ಲ. 1992ರ ಕಾಯ್ದೆಯೊಂದಿದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಆ ಡಬ್ಬದ ಮೇಲೆ ಮಗುವಿನ ಚಿತ್ರ, ತಾಯಿಯ ಚಿತ್ರ ಹಾಕುವಂತಿಲ್ಲ; ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ, ಹಾಲಿನ ಬಾಟಲಿಗೆ ಜಾಹೀರಾತು ಕೂಡದು; ಉಚಿತ ಸ್ಯಾಂಪಲ್ಲು, ಉಡುಗೊರೆ ಕೂಡದು; ತಾಯಿಹಾಲೇ ಶ್ರೇಷ್ಠ ಎಂದು ಡಬ್ಬದ ಮೇಲೇ ಅಚ್ಚು ಹಾಕಿಸಬೇಕು. ತನ್ನನ್ನು ಕೊಳ್ಳಬೇಡ ಎಂದು ತಾನೇ ಹೇಳುವ ಸಾಮಾನನ್ನು ತಾತ ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ‘ಒಂದು ಚಮಚನಾದ್ರೂ ಫ್ರೀ ಕೊಡು’ ಎಂದು ಚೌಕಾಶಿಗಿಳಿದರು. ‘ಕಾನೂನು ಸರ್’ ಎಂದ ಹುಡುಗ, ಆವತ್ತು ಮೊದಲ ಬಾರಿಗೆ ಗೆದ್ದವನ ದನಿಯಲ್ಲಿ.

ಇನ್ನು ತಳ್ಳುಗಾಡಿ, ಅಂದರೆ ಸ್ಟ್ರೋಲರ್. ಇದರ ಬಗ್ಗೆ ನನಗೆ ಮೊದಲಿನಿಂದಲೂ ಪೂರ್ವಗ್ರಹವಿದೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ‘ನಾಲ್ಕು ಚಕ್ರಕ್ಕೂ ಸಸ್ಪೆನ್ಷನ್ ಇದೆ ಸರ್’ ಎಂದ ಹುಡುಗನಿಗೆ ತಾತ, ‘ನನ್ನ ಸರ್ವೀಸಲ್ಲಿ ಒಂದು ಸಸ್ಪೆನ್ಷನ್ನೂ ಇಲ್ಲ ಗೊತ್ತಾ?’ ಎಂದು ತಿರುಗೇಟು ಕೊಟ್ಟು, ಗಾಡಿಯಲ್ಲಿ ಮಗುವಿನ ಬದಲು ಡೈರಿ ಕೂರಿಸಿ ಫುಟ್‌ಪಾತಿಗೆ ಟೆಸ್ಟಿಗಿಳಿಸಿದರು. ನಿಂತ ಬೈಕು, ಹೂವಿನ ಬುಟ್ಟಿ, ಟ್ರಾನ್ಸ್‌ಫಾರ್ಮರು, ಮಲಗಿದ ಹಸು. ಡೈರಿ ಎರಡು ಸಲ ಕೆಳಗೆ ಬಿತ್ತು. ‘ಗಾಡಿ ಓಕೆ, ರೋಡ್ ರಿಜೆಕ್ಟೆಡ್’ ಎಂದು ಅದೇ ಡೈರಿಯಲ್ಲಿ ಬರೆದುಕೊಂಡರು.

ಹೀಗೆ ಕೊಟೇಷನ್ನು ತುಲನಾಪಟ್ಟಿಯಾಗಿ, ಪಟ್ಟಿಗೆ ಮೂರನೇ ತಿದ್ದುಪಡಿ ಆಗುತ್ತಿರುವಾಗಲೇ ಮೊಮ್ಮಗಳು ಡೆಲಿವರಿ ಷೆಡ್ಯೂಲ್ ಮುರಿದು ಮೂವತ್ತನಾಲ್ಕನೇ ವಾರಕ್ಕೇ ಬಂದುಬಿಟ್ಟಳು. ತೂಕ 1,800 ಗ್ರಾಂ. ಮೂವತ್ತೇಳು ವಾರ ತುಂಬದೆ ಹುಟ್ಟಿದ್ದು ಅವಧಿಪೂರ್ವ, ಎರಡೂವರೆ ಕಿಲೋ ಒಳಗಿದ್ದದ್ದು ಕಡಿಮೆ ತೂಕ. ಎರಡೂ ಲೆಕ್ಕದಲ್ಲಿ ತಾತನ ಪಟ್ಟಿಗೆ ಹೊಂದದ ಮಗು. ‘ನ್ಯೂಬಾರ್ನ್’ ಎಂದು ಬರೆದ ಅಂಗಿಯೊಳಗೆ ಎರಡು ಮೊಮ್ಮಕ್ಕಳು ಹಿಡಿಯುವಷ್ಟು ಜಾಗ. ಡೈಪರ್ ಕಂಕುಳಿಗೆ ಬರುತ್ತದೆ.

ಶಿವಮೊಗ್ಗದ ಮೆಗ್ಗಾನಿನಂಥ ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ಘಟಕದ ಬಾಗಿಲಲ್ಲಿ ಇಂಥ ತಾತಂದಿರು ಡೈರಿ ತೆರೆದುಕೊಂಡು ನಿಂತಿರುವುದನ್ನು ನೀವೂ ನೋಡಿರಬಹುದು. ಸಿಸ್ಟರ್ ಹೇಳಿದ ಪಟ್ಟಿ ಅರ್ಧ ಪುಟ ತುಂಬಲಿಲ್ಲ. ಒಂದು ಟೋಪಿ, ಕಾಲುಚೀಲ, ಒಗೆದ ಹತ್ತಿಬಟ್ಟೆ, ಒಂದು ಒಳಲೆ.

‘ಒಳಲೆನಾ?’

‘ಹೌದು ಸರ್. ಚೀಪೋಕೆ ಇನ್ನೂ ಶಕ್ತಿ ಸಾಲ್ದು. ತಾಯಿ ಹಾಲು ಹಿಂಡಿ ಒಳಲೇಲಿ ಹಾಕ್ತೀವಿ. ಬಾಟ್ಲಿ ಬೇಡ.’

ಅಜ್ಜಿಯ ಮುಖ ನೋಡಬೇಕಿತ್ತು. ಟ್ರಂಕಿನ ತಳದಿಂದ ಬೆಳ್ಳಿಯ ಒಳಲೆ ತಂದರು. ಇದರಲ್ಲೇ ಮಗಳು ಕುಡಿದದ್ದು, ಮಗಳ ಅಮ್ಮನೂ ಕುಡಿದದ್ದು. ವಿಜಯೋತ್ಸವ ಬಹಳ ಹೊತ್ತು ನಡೆಯಲಿಲ್ಲ. ‘ಹರಳೆಣ್ಣೆ ಹಾಕಿದ್ದೂ ಇದ್ರಲ್ಲೇ ತಾನೇ? ಚೆನ್ನಾಗಿ ತೊಳೆದು ಇಪ್ಪತ್ತು ನಿಮಿಷ ಕುದಿಸಿ. ಜೇನು ನೆಕ್ಕಿಸೋದು, ಬಜೆ ತೇದು ಹಾಕೋದು ಯಾವ್ದೂ ಬೇಡ. ಸಾಂಬ್ರಾಣಿ ಹೊಗೆ ಅಂತೂ ಇಲ್ವೇ ಇಲ್ಲ’ ಎಂದು ಸಿಸ್ಟರ್ ಒಂದೇ ಉಸಿರಿಗೆ ಅಜ್ಜಿಯ ಪಟ್ಟಿಯನ್ನೂ ರಿಜೆಕ್ಟ್ ಮಾಡಿದರು. ತಾತನಿಗೆ ಒಳಲೆಯ ಮೇಲೆ ಐಎಸ್ ನಂಬರ್ ಇಲ್ಲವೆಂಬುದೇ ಚಿಂತೆ. ರಾತ್ರಿ ಸಿರಿಂಜಿನಲ್ಲಿ ನೀರು ತುಂಬಿ ಅದರ ಅಳತೆ ಕಟ್ಟಿ ಡೈರಿಯಲ್ಲಿ ಬರೆದ ಮೇಲೆ ನಿದ್ದೆ ಬಂತು.

ಮೂರನೇ ದಿನ ಮಗುವಿನ ತೂಕ ಇಳಿದಿತ್ತು. ತಾತ ಗಡಗಡ. ಹುಟ್ಟಿದ ಮಕ್ಕಳೆಲ್ಲ ಮೊದಲ ದಿನಗಳಲ್ಲಿ ಒಂದಿಷ್ಟು ಇಳಿಯುತ್ತವೆ, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಬರುತ್ತವೆ ಎಂದು ಡಾಕ್ಟರು ವಿವರಿಸಿದರೂ, ಟ್ರಾನ್ಸಿಟ್‌ನಲ್ಲಿ ಮಾಲು ಕಡಿಮೆಯಾದದ್ದಕ್ಕೆ ಲೆಕ್ಕ ಕೇಳದೆ ಸುಮ್ಮನಿರುವ ಜನವಲ್ಲ ಅದು. ತಕ್ಕಡಿಯ ಮೇಲೆ ಸೀಲ್ ಇದೆಯೇ ಎಂದು ಇಣುಕಿದರು. ಇತ್ತು.

ಆಮೇಲೆ ಬಂತು ನಿಜವಾದ ಪರೀಕ್ಷೆ. ಈ ಮಗುವಿಗೆ ಕಾಂಗರೂ ಆರೈಕೆ ಬೇಕು ಎಂದರು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರುಗಳು ಕಂಡುಕೊಂಡ ಉಪಾಯವಿದು: ಮಗುವನ್ನು ತಾಯಿಯ ಬರಿ ಎದೆಗೆ ಅವುಚಿ ಕಟ್ಟುವುದು. ದಿನಕ್ಕೆ ಎಂಟರಿಂದ ಇಪ್ಪತ್ತನಾಲ್ಕು ಗಂಟೆ, ಅದೂ ಹುಟ್ಟಿದ ಕೂಡಲೇ ಶುರುಮಾಡಿ ಎಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ತಾಯಿ ಸುಸ್ತಾದಾಗ ಅಪ್ಪ, ಅಜ್ಜಿ, ತಾತ ಯಾರೂ ಆಗಬಹುದು. ತಾತ ಎದ್ದು ನಿಂತು ಅಂಗಿಯ ಗುಂಡಿಗೆ ಕೈ ಹಾಕಿದರು. 1500 ಡಿಗ್ರಿಯ ಕುಲುಮೆ ನೋಡಿಕೊಂಡವರಿಗೆ ಒಂದು ಕೂಸನ್ನು 36.5ರಿಂದ 37.5ರೊಳಗೆ ಇಡುವುದು ಯಾವ ಲೆಕ್ಕ?

‘ಉಗುರು ತೋರ್ಸಿ ಸರ್,’ ಎಂದರು ಸಿಸ್ಟರ್.

ತೋರಿಸಿದರು.

‘ಸ್ನಾನ ಆಗಿದ್ಯಾ? ಬೀಡಿ ಸಿಗರೇಟು? ಚರ್ಮದ ಕಾಯಿಲೆ?’

ಬದುಕಿಡೀ ಇನ್ನೊಬ್ಬರನ್ನು ತಪಾಸಣೆ ಮಾಡಿದ ಮನುಷ್ಯ ಒಂದೊಂದಕ್ಕೂ ವಿಧೇಯರಾಗಿ ಉತ್ತರಿಸಿದರು. ಎಲ್ಲದರಲ್ಲೂ ಪಾಸು. ಕೊನೆಗೆ, ಬಸ್ಸಿನ ಕಿಟಕಿ ಪಕ್ಕ ಕೂತು ಬಂದ ತಪ್ಪಿಗೋ ಏನೋ, ಒಂದು ಸೀನು ಬಂತು.

‘ಶೀತ ಇದೆ ನಿಮಗೆ. ಆಗಲ್ಲ. ವಾಸಿಯಾದ್ಮೇಲೆ ಬನ್ನಿ. ನೆಕ್ಸ್ಟ್ ಯಾರು?’

ನೆಕ್ಸ್ಟ್ ದುರ್ಗಿಗುಡಿಯ ಬೀಗರು. ಒಂದು ಕೊಟೇಷನ್ ತರದವರು, ಒಂದು ಟೋಪಿ ಕೊಳ್ಳದವರು, ಬರಿಗೈಯಲ್ಲಿ ಬಂದು ಕೂತಿದ್ದವರು. ಅವರ ಬೋಳು ಎದೆಯ ಮೇಲೆ ಮಗುವನ್ನು ಕಪ್ಪೆಯಂತೆ ಕೂರಿಸಿ, ಬಟ್ಟೆ ಸುತ್ತಿ ಕಟ್ಟಿದರು. ಗಾಜಿನಾಚೆಯಿಂದ ತಾತ ನೋಡಿದರು, ಸಿಸ್ಟರ್ ಹೊರಬಂದ ಕೂಡಲೇ ಅಡ್ಡ ನಿಂತರು.

‘ಟೆಂಪರೇಚರ್ ಎಷ್ಟು ಬರ್ತಿದೆ?’

‘36.8. ಚೆನ್ನಾಗಿದೆ ಸರ್.’

‘ಮೊದಲ ಪಾಳಿ, ಬೀಗರು, 36.8’ ಎಂದು ಡೈರಿಯಲ್ಲಿ ಬರೆದುಕೊಂಡರು. ಸ್ವಲ್ಪ ಯೋಚಿಸಿ, ‘ಆ ಥರ್ಮಾಮೀಟರ್ ಕ್ಯಾಲಿಬ್ರೇಷನ್ ಯಾವಾಗ ಆಗಿದ್ದು?’ ಎಂದು ಕೇಳಿದರು.

‘ನಿಮ್ಮ ಶೀತ ಹೋಗ್ಲಿ ಸರ್, ಆಮೇಲೆ ಮಾಡ್ಸೋಣ’ ಎಂದರು ಸಿಸ್ಟರ್.