ಖರಗ್‌ಪುರ–ರೂರ್ಕಿ ವಿವಾದ: ಹುಬ್ಬಳ್ಳಿಯ ಒಂದು ಮನೆಯನ್ನು ಆಧರಿಸಿದ ವಿಮರ್ಶಾತ್ಮಕ ಅಧ್ಯಯನ

ದ್ವೈತ, ಅದ್ವೈತ, ವಿಶಿಷ್ಟಾದ್ವೈತಗಳ ಮೇಲೆ ನಮ್ಮಲ್ಲಿ ಕಪಾಟುಗಟ್ಟಲೆ ಗ್ರಂಥಗಳಿವೆ. ಆದರೆ ಪ್ರತಿ ಜೂನ್‌ನಲ್ಲಿ, ಜೆಇಇ ಅಡ್ವಾನ್ಸ್‌ಡ್ ಫಲಿತಾಂಶದ ಬೆನ್ನಿಗೇ, ಅಸಂಖ್ಯ ಮನೆಗಳ ಪಡಸಾಲೆಯಲ್ಲಿ ತಲೆಯೆತ್ತುವ ಇನ್ನೊಂದು ದ್ವೈತವನ್ನು ಪಂಡಿತರು ಕಣ್ಣೆತ್ತಿಯೂ ನೋಡಿಲ್ಲ. ರೈಲಿನಲ್ಲಿ ಒಂದೆರಡು ರಾತ್ರಿ ಕಳೆಯದೆ ಮುಟ್ಟಲಾಗದ ಎರಡು ಕಾಲೇಜುಗಳಲ್ಲಿ ಯಾವುದನ್ನು ಪಟ್ಟಿಯ ಒಂದನೇ ಸಾಲಿಗೆ ಏರಿಸಬೇಕು, ಯಾವುದನ್ನು ಎರಡನೆಯದಕ್ಕೆ ಇಳಿಸಬೇಕು ಎಂಬುದು ಆ ಜಿಜ್ಞಾಸೆ. ಶಾಸ್ತ್ರಸಾಹಿತ್ಯದ ಈ ಕೊರತೆಯನ್ನು ತುಂಬುವ ವಿನಮ್ರ ಯತ್ನ ಈ ಪ್ರಬಂಧ. ವಿನಮ್ರ ಎಂದು ಬರೆಯುವುದು ಪದ್ಧತಿ.

ಅಧ್ಯಯನದ ಕ್ಷೇತ್ರ ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆ. ಪ್ರಸ್ತುತ ಸಂಶೋಧಕನು ಅದೇ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿರುವುದರಿಂದ ಕ್ಷೇತ್ರಕಾರ್ಯಕ್ಕೆ ಮೆಟ್ಟಿಲನ್ನು ಸ್ವಲ್ಪ ನಿಧಾನವಾಗಿ ಇಳಿದರೆ ಸಾಕಾಗುತ್ತಿತ್ತು. ಅಧ್ಯಯನದ ವಸ್ತು ಆ ಮನೆಯ ಮಗಳು. ಮುಂದೆ ‘ಅಭ್ಯರ್ಥಿ’ ಎಂದು ನಮೂದಿಸಲಾಗಿದೆ. ಅವಳ ರ್‍ಯಾಂಕ್ ಎಷ್ಟೆಂದು ಬೇಕೆಂದೇ ಬರೆದಿಲ್ಲ. ಬರೆದರೆ ಓದುಗರು ಪ್ರಬಂಧವನ್ನು ಅರ್ಧಕ್ಕೆ ಬಿಟ್ಟು ಹೋದ ವರ್ಷದ ಕ್ಲೋಸಿಂಗ್ ರ್‍ಯಾಂಕ್ ಹುಡುಕಲು ಎದ್ದುಹೋಗುತ್ತಾರೆ. ಆ ರ್‍ಯಾಂಕಿಗೆ ರೂರ್ಕಿಯಲ್ಲಿ ಸಿವಿಲ್ ಸಿಕ್ಕೀತು, ಖರಗ್‌ಪುರದಲ್ಲಿ ಓಷನ್ ಎಂಜಿನಿಯರಿಂಗ್, ಅಂದರೆ ಹಡಗು ಕಟ್ಟುವ ವಿದ್ಯೆ, ಸಿಕ್ಕೀತು ಎಂದು ತಿಳಿದವರು ಹೇಳಿದ್ದರು. ಇಷ್ಟರಿಂದ ಮನೆ ಎರಡು ಪಂಥವಾಯಿತು.

ಪ್ರಮಾಣಗಳ ವಿಚಾರ ಮೊದಲು. ಪ್ರತ್ಯಕ್ಷ ಪ್ರಮಾಣ ಯಾರ ಬಳಿಯೂ ಇರಲಿಲ್ಲ. ಎರಡೂ ಪಂಥದವರಲ್ಲಿ ಒಬ್ಬರೂ ಆ ಊರುಗಳನ್ನು ಕಂಡವರಲ್ಲ. ಆಪ್ತವಾಕ್ಯ ಹೇರಳವಾಗಿತ್ತು. ಅದರ ಪರಂಪರೆ ಹೀಗೆ: ಅಭ್ಯರ್ಥಿಯ ಕೋಚಿಂಗ್ ಗೆಳತಿಯ ಅಣ್ಣನ ರೂಮ್‌ಮೇಟ್ ಒಬ್ಬನು ರೂರ್ಕಿಯಲ್ಲಿ ಚಳಿ ಬಹಳ ಎಂದಿದ್ದನು. ಈ ಒಂದು ವಾಕ್ಯಕ್ಕೆ ಆ ಮನೆಯಲ್ಲಿ ನಾಲ್ಕು ವ್ಯಾಖ್ಯಾನಗಳು ಹುಟ್ಟಿದವು. ಅವುಗಳಲ್ಲಿ ಒಂದು ಸ್ವೆಟರ್ ಕುರಿತದ್ದು.

ಅನುಮಾನ ಪ್ರಮಾಣದ ಆಚಾರ್ಯರು ಬೆಂಗಳೂರಿನ ಮಾಮಾ. ಅವರು ಫೋನಿನಲ್ಲಿ ಸ್ಪೀಕರ್ ಹಾಕಿಸಿ ಮಂಡಿಸಿದ ಪ್ರತಿಜ್ಞೆಯ ಸಾರಾಂಶ: ಸುಂದರ್ ಪಿಚೈ ಖರಗ್‌ಪುರದಲ್ಲಿ ಓದಿದ್ದು ಕಂಪ್ಯೂಟರ್ ಅಲ್ಲ, ಮೆಟಲರ್ಜಿ, 1993ರಲ್ಲಿ ಹೊರಬಿದ್ದರು, 2015ರಲ್ಲಿ ಗೂಗಲ್‌ನ ಮುಖ್ಯಸ್ಥರಾದರು, ಆದ್ದರಿಂದ ಖರಗ್‌ಪುರದಲ್ಲಿ ಏನು ಓದಿದರೂ ನಡೆಯುತ್ತದೆ. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಹೇತ್ವಾಭಾಸ ಎನ್ನುತ್ತಾರೆ. ಬೆಂಗಳೂರಿನಲ್ಲಿ ಕರಿಯರ್ ಅಡ್ವೈಸ್ ಎನ್ನುತ್ತಾರೆ.

ರೂರ್ಕಿ ಪಂಥದ ಮೂಲಪುರುಷ ಅಭ್ಯರ್ಥಿಯ ತಂದೆ. ಅವರ ವಾದ ಪ್ರಾಚೀನತೆಯನ್ನು ಆಧರಿಸಿದ್ದು. ರೂರ್ಕಿಯ ಕಾಲೇಜು ಶುರುವಾದದ್ದು 1847ರಲ್ಲಿ. 1854ರಿಂದ ಥಾಮಸನ್ ಕಾಲೇಜ್, ಸ್ವಾತಂತ್ರ್ಯದ ನಂತರ ರೂರ್ಕಿ ವಿಶ್ವವಿದ್ಯಾಲಯ, 2001ರಲ್ಲಿ ಐಐಟಿ: ಒಂದೇ ಆತ್ಮ, ಬೇರೆ ಬೇರೆ ಶರೀರ. ಹುಟ್ಟಿದ್ದು ಗಂಗಾ ಕಾಲುವೆಗೆ ಎಂಜಿನಿಯರುಗಳು ಬೇಕಾಗಿದ್ದಕ್ಕೆ. ಆ ಕಾಲುವೆ ರೂರ್ಕಿಯ ಹತ್ತಿರ ಸೊಲಾನಿ ನದಿಯ ಮೇಲೆ ಹಾದುಹೋಗುತ್ತದೆ. ಕೆಳಗೊಂದು ನೀರು, ಮೇಲೊಂದು ನೀರು, ನಡುವೆ ಇಟ್ಟಿಗೆಯ ಸೇತುವೆ. “ಸಿವಿಲ್ ಅಂದ್ರ ಅದು,” ಎಂದು ತಂದೆ ಹೇಳುವಾಗ ಅವರ ದನಿಯಲ್ಲಿ ಅಡಗಿದ್ದ ಭಕ್ತಿ ನಿಜವಾದದ್ದು. ಅದನ್ನು ಅಣಕಿಸಲು ಈ ಸಂಶೋಧಕನಿಗೆ ಮನಸ್ಸಿಲ್ಲ. ದೂರದ ಪ್ರಶ್ನೆ ಬಂದಾಗಲೆಲ್ಲ ಅವರು ವಿಶ್ವೇಶ್ವರಯ್ಯನವರನ್ನು ಸಾಕ್ಷಿಗೆ ಕರೆಯುತ್ತಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್‌ಗೆ ಹೋದದ್ದು ಪುಣೆಗೆ. ಪುಣೆ ರೂರ್ಕಿಯಷ್ಟು ದೂರವಿಲ್ಲವಲ್ಲ ಎಂಬ ಆಕ್ಷೇಪಕ್ಕೆ, ಆಗಿನ ರೈಲುಗಳು ನಿಧಾನ ಎಂಬ ಸಮಾಧಾನ ಸಿದ್ಧವಾಗಿತ್ತು.

ಖರಗ್‌ಪುರ ಪಂಥಕ್ಕೆ ಇಷ್ಟು ವಯಸ್ಸಿನ ಬಲವಿಲ್ಲ. ಆದರೆ ಎದುರುಮನೆಯ ನಿವೃತ್ತ ಇತಿಹಾಸದ ಮಾಸ್ತರರು ಆ ಪಕ್ಷ ವಹಿಸಿದ್ದರಿಂದ ಅದಕ್ಕೆ ತೂಕ ಬಂತು. ಮೊದಲ ಐಐಟಿಯಾಗಿ 1951ರಲ್ಲಿ ಅದು ನೆಲೆಗೊಂಡದ್ದು ಹಿಜ್ಲಿಯ ಬಂದಿಶಿಬಿರದ ಕಟ್ಟಡದಲ್ಲಿ. 1931ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಪೊಲೀಸರು ನಿರಾಯುಧ ಬಂದಿಗಳ ಮೇಲೆ ಗುಂಡು ಹಾರಿಸಿ ಇಬ್ಬರು ಸತ್ತಿದ್ದರು. ರವೀಂದ್ರನಾಥ ಠಾಕೂರರು ಅದನ್ನು ಬಹಿರಂಗವಾಗಿ ಖಂಡಿಸಿದ್ದರು. ಸಂಸ್ಥೆಯ ಮೊದಲ ನಿರ್ದೇಶಕ ಜ್ಞಾನಚಂದ್ರ ಘೋಷ್ ಅದಕ್ಕೂ ಮುಂಚೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು. ಹೀಗಾಗಿ ಖರಗ್‌ಪುರವೂ ಒಂದು ರೀತಿಯಲ್ಲಿ ನಮ್ಮದೇ ಎಂದು ಮಾಸ್ತರರು ಕೈಯೆತ್ತಿ ಸಾರಿದರು. ಅಭ್ಯರ್ಥಿಯ ತಾಯಿಯ ಕಿವಿಗೆ ಬಿದ್ದದ್ದು ಮಾತ್ರ ಒಂದೇ ಶಬ್ದ.

“ಜೈಲ್ರೀ?”

“ಈಗಲ್ಲ ತಂಗಿ, ಬ್ರಿಟಿಷರ ಕಾಲದಾಗ.”

“ಆದ್ರೂ ಜೈಲ ಅಲ್ಲೇನ್ರಿ ಅದು?”

ಇನ್ನು ಈ ವಿವಾದದ ನಡುಮಧ್ಯೆ ನಿಂತಿದ್ದರೂ ಎರಡೂ ಪಂಥದವರು ಕಾಣದಂತೆ ನಟಿಸುತ್ತಿದ್ದ ಮೂರನೆಯ ವಸ್ತುವಿಗೆ ಬರಬೇಕು. ಧಾರವಾಡದಲ್ಲಿ 2016ರಿಂದ ಒಂದು ಐಐಟಿ ಇದೆ. 2023ರ ಮಾರ್ಚ್ 12ರಂದು ಪ್ರಧಾನಿ ಅದರ ಕಾಯಂ ಕ್ಯಾಂಪಸ್ಸನ್ನು ಲೋಕಾರ್ಪಣೆ ಮಾಡಿದರು. ಅದೇ ದಿನ, ಅದೇ ಭೇಟಿಯಲ್ಲಿ, ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನೂ ಲೋಕಾರ್ಪಣೆ ಮಾಡಿದರು. ಅಷ್ಟು ಉದ್ದದ್ದು ಜಗತ್ತಿನಲ್ಲಿ ಇನ್ನೊಂದಿರಲಿಲ್ಲ. ಅವಳಿನಗರಕ್ಕೆ ಒಂದೇ ದಿನ ಓದಲು ಐಐಟಿಯೂ ಸಿಕ್ಕಿತು, ಆ ಐಐಟಿಯನ್ನು ಬಿಟ್ಟು ಹೋಗುವವರನ್ನು ಕಳಿಸಿಕೊಡಲು ಸಾಕಷ್ಟು ಜಾಗವೂ ಸಿಕ್ಕಿತು. ಯೋಜನಾಬದ್ಧ ಅಭಿವೃದ್ಧಿಗೆ ಇದಕ್ಕಿಂತ ಉತ್ತಮ ನಿದರ್ಶನ ಈ ಸಂಶೋಧಕನಿಗೆ ಸಿಕ್ಕಿಲ್ಲ.

ತಾಯಿಯ ಸಿದ್ಧಾಂತ ಸರಳ. “ಇಲ್ಲೇ ಧಾರವಾಡದಾಗ ಐಐಟಿ ಐತಿ. ಸಂಜಿಕ್ಕ ಮನಿಗೆ ಊಟಕ್ಕ ಬರಬಹುದು. ಅದನ್ನ ಬಿಟ್ಟು ದೇಶಾಂತರ ಯಾಕ ಹೋಗಬೇಕು?”

ಅಭ್ಯರ್ಥಿ ಮೊಬೈಲಿನಿಂದ ತಲೆಯೆತ್ತದೆ ಹೇಳಿದಳು: “ಸಂಜಿಕ್ಕ ಊಟಕ್ಕ ಬರಬೇಕಾಗ್ತೈತಿ ಅಂತನ ಹೊಂಟೀನಿ, ಅವ್ವ.”

ಈ ವಾಕ್ಯ ಎರಡೂ ಪಂಥಗಳ ಗ್ರಂಥಪಾಠದಲ್ಲಿ ಇಲ್ಲ. ಖರಗ್‌ಪುರಕ್ಕೂ ರೂರ್ಕಿಗೂ ಸಮನಾಗಿ ಅನ್ವಯಿಸುವುದರಿಂದ ಯಾರ ವಾದಕ್ಕೂ ಉಪಯೋಗಕ್ಕೆ ಬರಲಿಲ್ಲ. ಹೀಗಾಗಿ ಇದು ಪ್ರಕ್ಷಿಪ್ತ, ಯಾರೋ ಆಮೇಲೆ ಸೇರಿಸಿದ್ದು, ಎಂದು ಹಿರಿಯರೆಲ್ಲ ಒಮ್ಮತದಿಂದ ತೀರ್ಮಾನಿಸಿ ಮುಂದಿನ ವಿಷಯಕ್ಕೆ ಹೋದರು.

ಮುಂದಿನ ವಿಷಯವೆಂದರೆ ಪ್ಲಾಟ್‌ಫಾರ್ಮ್. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ದೊಡ್ಡಪ್ಪ ಈ ಶಾಖೆಯ ಏಕೈಕ ತಜ್ಞರು. ಖರಗ್‌ಪುರದ ಪ್ಲಾಟ್‌ಫಾರ್ಮ್ ದಶಕಗಳ ಕಾಲ ಜಗತ್ತಿನ ಅತಿ ಉದ್ದದ್ದೆಂದು ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಮೆರೆದದ್ದು. ಅದರ ಉದ್ದ 1,072 ಮೀಟರ್. 2013ರಲ್ಲಿ ಗೋರಖ್‌ಪುರ 1,366 ಮೀಟರ್ ಮಾಡಿ ಆ ಪಟ್ಟ ಕಿತ್ತುಕೊಂಡಿತು. ಅದನ್ನು ಹುಬ್ಬಳ್ಳಿ ಕಿತ್ತುಕೊಂಡಿತು. “ಒಂದನೇ ನಂಬರಿನ ಊರಾಗ ಹುಟ್ಟಿದಾಕಿ ಪಟ್ಟಾ ಕಳಕೊಂಡ ಊರಿಗೆ ಕಲಿಯಾಕ ಹೋಗೂದು ಅಂದ್ರ?” ಎಂದು ದೊಡ್ಡಪ್ಪ ಕೇಳಿದಾಗ ಖರಗ್‌ಪುರ ಪಂಥ ಕೆಲಹೊತ್ತು ಮೂಕವಾಯಿತು. ತಂದೆ ಅವಕಾಶ ಬಿಡಲಿಲ್ಲ. ಸೊಲಾನಿ ಸೇತುವೆಗೆ ಮಣ್ಣು ಸಾಗಿಸಲು ರೂರ್ಕಿಯಲ್ಲಿ 1851ರಲ್ಲೇ ಉಗಿ ಎಂಜಿನ್ ಓಡಿತ್ತು, ಬೋರಿಬಂದರಿನಿಂದ ಠಾಣೆಗೆ ಪ್ರಯಾಣಿಕರ ರೈಲು ಹೊರಟದ್ದು 1853ರಲ್ಲಿ ಎಂದು ನೆನಪಿಸಿದರು. ದೊಡ್ಡಪ್ಪ ಆ ಕ್ಷಣವೇ ರೂರ್ಕಿ ಪಂಥಕ್ಕೆ ಮತಾಂತರಗೊಂಡರು. ಮಗುವಿನ ನಾಲ್ಕು ವರ್ಷದ ವಿದ್ಯಾಭ್ಯಾಸವನ್ನು ಮಣ್ಣು ಹೊರುವ ಎಂಜಿನ್ ನಿರ್ಧರಿಸಬಹುದೇ ಎಂದು ಕೇಳುವವರು ಇರಬಹುದು. ರ್‍ಯಾಂಕಿಂಗ್ ಪಟ್ಟಿಗಳನ್ನು ಕುಳಿತು ಓದಿದ ಮೇಲೆ ಅವರೇ ಆ ಪ್ರಶ್ನೆಯನ್ನು ಹಿಂತೆಗೆದುಕೊಳ್ಳುತ್ತಾರೆ.

ಈಗ ಪ್ರಬಂಧದ ಕಠಿಣ ಭಾಗ. ಐಐಟಿ, ಎನ್‌ಐಟಿಗಳ ಸೀಟುಗಳನ್ನು 2015ರಿಂದ ಒಟ್ಟಾಗಿ ಹಂಚುವ ಸಂಸ್ಥೆಗೆ ಜೋಸಾ ಎಂದು ಹೆಸರು. ಪ್ರತಿ ಕಾಲೇಜಿನ ಪ್ರತಿ ಬ್ರಾಂಚಿಗೆ ಹೋದ ವರ್ಷ ಮೊದಲ ಸೀಟು ಯಾವ ರ್‍ಯಾಂಕಿಗೆ ಹೋಯಿತು, ಕೊನೆಯ ಸೀಟು ಯಾವ ರ್‍ಯಾಂಕಿಗೆ ನಿಂತಿತು ಎಂಬುದನ್ನು ಅದು ಪ್ರಕಟಿಸುತ್ತದೆ. ಕೊನೆಯದೇ ಕ್ಲೋಸಿಂಗ್ ರ್‍ಯಾಂಕ್. ರೂರ್ಕಿಯ ಸಿವಿಲ್ ಯಾಕೆ ಮೇಲು? ಅದರ ಕ್ಲೋಸಿಂಗ್ ರ್‍ಯಾಂಕ್ ಮೊದಲೇ ಮುಗಿಯುತ್ತದೆ. ಯಾಕೆ ಮೊದಲೇ ಮುಗಿಯುತ್ತದೆ? ಮೇಲಿನ ರ್‍ಯಾಂಕಿನ ಮಕ್ಕಳು ಅದನ್ನು ಬರೆಯುತ್ತಾರೆ. ಅವರು ಯಾಕೆ ಬರೆಯುತ್ತಾರೆ? ಅದು ಮೇಲು. ಇದಕ್ಕೆ ನೈಯಾಯಿಕರು ಅನ್ಯೋನ್ಯಾಶ್ರಯ ದೋಷ ಎಂದು ಹೆಸರಿಟ್ಟು ಶತಮಾನಗಳೇ ಕಳೆದವು. ಹೋದ ವರ್ಷದ ಮಕ್ಕಳು ಅದರ ಹಿಂದಿನ ವರ್ಷದವರನ್ನು ನೋಡಿ ಬರೆದರು, ಅವರು ಅದಕ್ಕೂ ಹಿಂದಿನವರನ್ನು. ಹೀಗೆ ಹಿಂದೆ ಹಿಂದೆ ಹೋದರೆ ಎಲ್ಲೋ ಒಂದು ಪಡಸಾಲೆಯಲ್ಲಿ, ಪ್ರಾಯಶಃ ಒಬ್ಬ ಮಾಮಾ ಫೋನಿನ ಸ್ಪೀಕರ್‌ನಲ್ಲಿ ಸಿಗಬಹುದು. ಆ ಆದಿಮಾಮನ ಶೋಧ ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

ವಿಚಿತ್ರವೆಂದರೆ ಸೀಟು ಹಂಚುವ ಯಂತ್ರಕ್ಕೆ ಇದಾವುದೂ ಬೇಕಿಲ್ಲ. ಅದರ ಮೂಲ ಸೂತ್ರ 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಅಮೆರಿಕದ ಗಣಿತಜ್ಞರು ಬರೆದ ಚಿಕ್ಕ ಲೇಖನದ್ದು. ಅದರಲ್ಲಿ ಅವರು ಕಾಲೇಜು ಪ್ರವೇಶವನ್ನೂ ಮದುವೆಯನ್ನೂ ಒಂದೇ ಲೆಕ್ಕದಲ್ಲಿ ಬಿಡಿಸಿದ್ದರು. ಶಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಎರಡೂ ಒಂದೇ ಎಂದು ಮೊದಲಿಂದಲೂ ಹೇಳುತ್ತ ಬಂದ ನಮ್ಮ ಸೋದರತ್ತೆಯರಿಗೆ ಏನೂ ಬರಲಿಲ್ಲ. ಸೂತ್ರ ಕೆಲಸ ಮಾಡುವ ಬಗೆ ಇಷ್ಟು: ಪ್ರತಿಯೊಬ್ಬರ ಪರವಾಗಿ ಯಂತ್ರ ಒಂದನೇ ಸಾಲಿನ ಬಾಗಿಲು ತಟ್ಟುತ್ತದೆ. ಒಳಗೆ ಜಾಗವಿದ್ದರೆ ಸದ್ಯಕ್ಕೆ ಕೂರಿಸುತ್ತಾರೆ. ಹೆಚ್ಚಿನ ರ್‍ಯಾಂಕಿನವರು ಬಂದರೆ ಎಬ್ಬಿಸುತ್ತಾರೆ, ಎದ್ದವರು ಎರಡನೇ ಸಾಲಿನ ಬಾಗಿಲಿಗೆ ಹೋಗುತ್ತಾರೆ. ಅಲ್ಲಿಯವರು, ನೀನು ನಮ್ಮಲ್ಲಿಗೆ ಮೊದಲು ಯಾಕೆ ಬರಲಿಲ್ಲ ಎಂದು ಸಿಟ್ಟಾಗುವುದಿಲ್ಲ. ಅವರೂ ರ್‍ಯಾಂಕನ್ನಷ್ಟೇ ನೋಡುತ್ತಾರೆ. ಆದ್ದರಿಂದ ಮನಸ್ಸಿನಲ್ಲಿರುವ ಕ್ರಮವನ್ನೇ ಬರೆದರೆ ನಷ್ಟವಿಲ್ಲ, ಜಾಣತನ ತೋರಿದರೆ ಲಾಭವಿಲ್ಲ. “ಮೊದ್ಲು ಸಿಗೂವಂಥಾದ್ದನ್ನ ಬರಿ, ಇಲ್ಲಾಂದ್ರ ಎರಡೂ ಹೋಗ್ತಾವ” ಎಂಬ ತಂದೆಯ ರಾಜನೀತಿಗೆ ಗಣಿತದ ಬೆಂಬಲ ಇಲ್ಲ. ಯಂತ್ರ ಕೇಳುವುದು ಒಂದೇ: ನಿನಗೆ ಯಾವುದು ಹೆಚ್ಚು ಇಷ್ಟ? ಸಂಶೋಧಕನು ಮೆಟ್ಟಿಲ ಮೇಲಿಂದ ಆಲಿಸಿದಷ್ಟು ಮಟ್ಟಿಗೆ, ಈ ಪ್ರಶ್ನೆ ಆ ಪಡಸಾಲೆಯಲ್ಲಿ ಏಳಲಿಲ್ಲ.

ಸೀಟು ಬಂದ ಮೇಲೆ ಫ್ರೀಜ್, ಫ್ಲೋಟ್, ಸ್ಲೈಡ್ ಎಂಬ ಮೂರು ಆಯ್ಕೆಗಳುಂಟು. ಸಿಕ್ಕಿದ್ದೇ ಸಾಕು ಎನ್ನುವುದು ಫ್ರೀಜ್. ಹಿಡಿದುಕೊಂಡಿರುತ್ತೇನೆ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಎಲ್ಲಿ ಸಿಕ್ಕರೂ ಹೋಗುತ್ತೇನೆ ಎನ್ನುವುದು ಫ್ಲೋಟ್. ಇದೇ ಕಾಲೇಜಿನಲ್ಲಿ ಮೇಲಿನ ಬ್ರಾಂಚ್ ಸಿಕ್ಕರೆ ಮಾತ್ರ ಸರಿಯುತ್ತೇನೆ ಎನ್ನುವುದು ಸ್ಲೈಡ್. ಇವು ಆಯ್ಕೆಗಳಲ್ಲ, ಮನುಷ್ಯಸ್ವಭಾವದ ಮೂರು ಗುಣಗಳು ಎಂಬುದು ಈ ಪ್ರಬಂಧದ ಸ್ವತಂತ್ರ ಕೊಡುಗೆ. ತಾಯಿ ಹುಟ್ಟಾ ಫ್ರೀಜ್. ತಂದೆ ಫ್ಲೋಟ್; ಅವರು ಕೊಂಡ ಸೈಟಿಗಿಂತ ಕೊಳ್ಳದೇ ಬಿಟ್ಟ ಸೈಟುಗಳ ಬಗ್ಗೆಯೇ ಹೆಚ್ಚು ಮಾತಾಡುವುದನ್ನು ಬಾಡಿಗೆದಾರನಾಗಿ ನಾನು ಬಲ್ಲೆ. ಮಾಮಾ ಸ್ಲೈಡ್: ಮೂರು ಕಂಪನಿಯಲ್ಲಿ ಮಾಡಬಹುದಾದ ಕೆಲಸವನ್ನು ಒಂದೇ ಕಂಪನಿಯ ಮೂರು ಟೀಮಿನಲ್ಲಿ ಮಾಡಿದವರು.

ಇಡೀ ವಿವಾದದಲ್ಲಿ ಪಕ್ಷಪಾತವಿಲ್ಲದ ವಿದ್ವಾಂಸರೊಬ್ಬರೇ, ಆಯಿ, ಅಂದರೆ ಅಜ್ಜಿ. ಅವರು ಕೇಳಿದ್ದು ಎರಡು ಕಡೆ ಮೆಸ್ಸಿನಲ್ಲಿ ಏನು ಹಾಕುತ್ತಾರೆ ಎಂದು. ಒಂದು ಕಡೆ ಮೀನು, ಇನ್ನೊಂದು ಕಡೆ ರಾಜ್ಮಾ ಎಂಬ ಉತ್ತರ ಬಂತು. ಆಯಿ ಸ್ವಲ್ಪ ಹೊತ್ತು ಯೋಚಿಸಿ, ಖಡಕ್ ರೊಟ್ಟಿ ಎಷ್ಟು ತಿಂಗಳಾದರೂ ಕೆಡುವುದಿಲ್ಲ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯೂ ಕೆಡುವುದಿಲ್ಲ, ಆದ್ದರಿಂದ ಎಲ್ಲಿಗಾದರೂ ಹೋಗಲಿ ಎಂದು ಒಳಗೆ ಹೋದರು. ಹಡಗಿನ ವಿಷಯದಲ್ಲಿ ಮಾತ್ರ ಅವರಿಗೊಂದು ಸಂದೇಹವಿತ್ತು: ಖರಗ್‌ಪುರದಲ್ಲಿ ಸಮುದ್ರ ಇದೆಯೇ? ಇಲ್ಲ ಎಂದರು. “ಮತ್ತ ಉಣಕಲ್ ಕೆರಿ ಏನ್ ಪಾಪಾ ಮಾಡಿತ್ತು?”

ಪಟ್ಟಿ ಲಾಕ್ ಮಾಡುವ ಕೊನೆಯ ರಾತ್ರಿ ಎರಡೂ ಪಂಥಗಳು ಒಂದು ಒಪ್ಪಂದಕ್ಕೆ ಬಂದಿದ್ದವು: ಒಂದನೇ ಸಾಲಿನಲ್ಲಿ ರೂರ್ಕಿ, ಎರಡನೆಯದರಲ್ಲಿ ಖರಗ್‌ಪುರ, ತಾಯಿಯ ಸಮಾಧಾನಕ್ಕೆ ಮೂರನೆಯದರಲ್ಲಿ ಧಾರವಾಡ. ಮೊದಲ ಸುತ್ತಿನಲ್ಲಿ ಬಂದದ್ದು ಖರಗ್‌ಪುರದ ಓಷನ್ ಎಂಜಿನಿಯರಿಂಗ್. ರೂರ್ಕಿಗೆ ರ್‍ಯಾಂಕ್ ಸಾಲಲಿಲ್ಲವೇನೋ ಎಂದುಕೊಂಡು ತಂದೆ ಪಟ್ಟಿಯ ಪ್ರಿಂಟ್ ತೆಗೆಸಿದರು. ಅದರಲ್ಲಿ ಒಂದನೇ ಸಾಲಿನಲ್ಲೇ ಖರಗ್‌ಪುರವಿತ್ತು. ಧಾರವಾಡ ಮೂವತ್ತೆಂಟನೆಯ ಸಾಲಿನಲ್ಲಿತ್ತು, ಗುವಾಹಟಿಯ ಕೆಳಗೆ. ಒಂದನೇ ಸಾಲೇ ಸಿಕ್ಕಿದ ಮೇಲೆ ಫ್ಲೋಟ್ ಮಾಡಲು ಮೇಲೆ ಯಾವ ಸಾಲೂ ಉಳಿದಿರಲಿಲ್ಲ. ಪಾಠಾಂತರ ಯಾವಾಗ, ಯಾರಿಂದ ಆಯಿತು ಎಂಬ ಚರ್ಚೆ ಅರ್ಧ ಗಂಟೆ ನಡೆಯಿತು. ಅಭ್ಯರ್ಥಿ ಹಲ್ಲುಜ್ಜಲು ಹೋಗಿದ್ದಳು.

ಸಂಜೆಯ ಹೊತ್ತಿಗೆ ತಾನು ಮೊದಲಿಂದಲೂ ಖರಗ್‌ಪುರದ ಕಡೆಯೇ ಇದ್ದೆ ಎಂದು ಹೇಳದವರು ಆ ಮನೆಯಲ್ಲಿ ತಾಯಿಯೊಬ್ಬರೇ. ತಂದೆ ಅಮರಾವತಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ನೋಡಲು ಕುಳಿತರು. ಹುಬ್ಬಳ್ಳಿಯಲ್ಲಿ ಹತ್ತಿ ಖರಗ್‌ಪುರದಲ್ಲಿ ಇಳಿಯಬಹುದು, ನಡುವೆ ಗಾಡಿ ಬದಲಿಸುವ ರಗಳೆಯಿಲ್ಲ. ಸ್ಲೀಪರ್ ವೇಟಿಂಗ್ ಲಿಸ್ಟ್ ಐವತ್ತರ ಮೇಲಿತ್ತು, ಥರ್ಡ್ ಎಸಿಯಲ್ಲೂ ಅದೇ ಕಥೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ತಮ್ಮಾ, ಹ್ವಾದ ವರ್ಷ ಈ ಗಾಡಿಗೆ ಎಷ್ಟರ ತನಕಾ ಕನ್ಫರ್ಮ್ ಆಗಿತ್ತು, ಮೊದ್ಲು ಅದನ್ನ ನೋಡು.”