ಎಣ್ಣೆಯ ಮೇಲೆ ಕೂತ ಕಾರು: ಬೋಗಾದಿಯಿಂದ ಬಂದ ಅಪ್ಪಂದಿರಿಗಾಗಿ

ಹೈಡ್ರೋನ್ಯುಮ್ಯಾಟಿಕ್ ಸಸ್ಪೆನ್ಷನ್ ಇರುವ ಕಾರಿಗೆ ಉಕ್ಕಿನ ಸ್ಪ್ರಿಂಗು ಇರುವುದಿಲ್ಲ. ಸಿಟ್ರೊಯೆನ್ ಕಂಪನಿಯ ಪಾಲ್ ಮಾಜೆಸ್ ರೂಪಿಸಿದ ಈ ಏರ್ಪಾಟಿನಲ್ಲಿ ಪ್ರತಿ ಚಕ್ರಕ್ಕೂ ಒಂದೊಂದು ಲೋಹದ ಗುಂಡು. ಅದರೊಳಗಿನ ರಬ್ಬರ್ ಪೊರೆಯ ಒಂದು ಬದಿ ನೈಟ್ರೋಜನ್, ಇನ್ನೊಂದು ಬದಿ ಎಣ್ಣೆ. 1954ರಲ್ಲಿ ಹಿಂಚಕ್ರಗಳಿಗಷ್ಟೇ ಬಂದದ್ದು 1955ರ ಡಿಎಸ್ ಕಾರಿನಲ್ಲಿ ನಾಲ್ಕಕ್ಕೂ ಬಂತು. ಇಂಜಿನ್ ಚಾಲೂ ಮಾಡಿದರೆ ಕಾರು ಮಲಗಿದ್ದ ಹಸುವಿನಂತೆ ಮೇಲೇಳುತ್ತದೆ. ಹಳೆಯ ಮಾದರಿಗಳು ರಾತ್ರಿ ಕಳೆಯುವಷ್ಟರಲ್ಲಿ ನೆಲಕ್ಕೆ ಕುಸಿದಿರುತ್ತವೆ.

ಷೆಂಗೆನ್ ವೀಸಾದ 90 ದಿನಕ್ಕೆಂದು ಮೈಸೂರಿನ ಬೋಗಾದಿಯಿಂದ ಫ್ರಾನ್ಸಿನ ಟುಲೂಸಿಗೆ ಬಂದ ಅಪ್ಪ ಮೊದಲ ಬೆಳಿಗ್ಗೆಯೇ ಕಾಫಿ ಲೋಟದ ಸಮೇತ ಇದನ್ನು ಪತ್ತೆ ಮಾಡುತ್ತಾರೆ: "ನಾಲ್ಕೂ ಟೈರು ಪಂಕ್ಚರ್ ಕಣೋ!" ಮಗ ಹಳೇ ಸಿಟ್ರೊಯೆನ್ ಕ್ಸಾಂಟಿಯಾ ಕೊಂಡಿದ್ದು ಅಗ್ಗಕ್ಕೆ ಸಿಕ್ಕಿತೆಂದು. ಹಳೇ ಕಾರಿಗೆ ರಿಪೇರಿ ತಪ್ಪದು. ಗ್ಯಾರೇಜಿನವರ ಗಂಟೆಯ ಕೂಲಿಯನ್ನು ಅಪ್ಪ ರೂಪಾಯಿಗೆ ಗುಣಿಸಿದ ಮೇಲೆ ರಿಪೇರಿ ಮನೆಯಲ್ಲೇ ಎಂದು ತೀರ್ಮಾನವಾಗುತ್ತದೆ.

ಚಕ್ರಕ್ಕೆ ಕಲ್ಲು ಕೊಡುವ ಬೋಗಾದಿಯ ಪದ್ಧತಿಯನ್ನು ಕಂಡು ಮಗ ನಗುವುದು ತಪ್ಪು. ಈ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಮುಂದಿನ ಚಕ್ರಗಳನ್ನು. ಮುಂಭಾಗ ಎತ್ತಿದರೆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲ. ಹಿಂಚಕ್ರಗಳಿಗೆ ಎರಡೂ ಕಡೆಯಿಂದ ಆನಿಕೆ ಬೇಕು. ಸಮತಟ್ಟಾದ ಗಟ್ಟಿ ನೆಲವೂ ಬೇಕು.

ಅಪ್ಪನ ಅನುಭವ ಕೈಕೊಡುವುದು ಮುಂದಿನ ಹೆಜ್ಜೆಯಲ್ಲಿ. "ಜಾಕ್ ಹಾಕು, ಒಳಗೆ ನುಗ್ಗು" ಎಂಬುದು ಸ್ಪ್ರಿಂಗಿನ ಕಾರಿಗೂ ಅಪಾಯ, ಇಲ್ಲಿ ಇನ್ನೂ ಹೆಚ್ಚು. ಮಾಮೂಲಿ ಎತ್ತರದಲ್ಲಿದ್ದಾಗ ಜಾಕ್ ಹಾಕಿ ಎತ್ತಿದರೆ, ಎತ್ತರ ಕಾಯುವ ಕವಾಟ ಕಾರು ಅತಿಯಾಗಿ ಮೇಲೆದ್ದಿದೆ ಎಂದುಕೊಂಡು ಎಣ್ಣೆ ಬಿಟ್ಟುಬಿಡುತ್ತದೆ. ಜಾಕ್ ಇಳಿಸಿದಾಗ ಕಾರು ಅದರ ಮೇಲೇ ಕೂತು, ಜಾಕನ್ನು ಎಳೆಯಲೂ ಜಾಗವಿರುವುದಿಲ್ಲ. ಎಣ್ಣೆಯ ಒತ್ತಡವನ್ನೇ ನಂಬಿ ಕೆಳಗೆ ಮಲಗುವುದಂತೂ ಕೂಡದು. ಒಂದು ಪೈಪು ಸೋರಿದರೆ ಕಾರಿನ ಮೈ ಕೆಳಗಿಳಿಯುತ್ತದೆ.

ಸರಿಯಾದ ಕ್ರಮ ತಿರುವುಮುರುವು. ಇಂಜಿನ್ ಓಡುತ್ತಿರುವಾಗ ಕಾರಿನ ಎತ್ತರ ಬದಲಿಸುವ ಲಿವರನ್ನು ಅತಿ ಎತ್ತರದ ಹಂತಕ್ಕೆ ತಂದು ಕಾರು ಪೂರ್ತಿ ಏಳುವವರೆಗೆ ಕಾಯಬೇಕು. ಕಂಪನಿ ಗುರುತಿಸಿದ ಜಾಗಗಳಲ್ಲಿ ಗಟ್ಟಿ ಸ್ಟ್ಯಾಂಡುಗಳನ್ನು ನಿಲ್ಲಿಸಬೇಕು. ತಲುಪದಿದ್ದರೆ ಜಾಕಿನ ನೆರವು. ಆಮೇಲೆ ಲಿವರನ್ನು ಕೆಳಗಿನ ಹಂತಕ್ಕೆ ತಂದರೆ ಮೈ ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಚಕ್ರಗಳ ಮೇಲಿನ ಭಾರ ಇಳಿಯುತ್ತದೆ. ಡಿಎಸ್‌ನಲ್ಲಿ ಸ್ಟೆಪ್ನಿ ಬದಲಿಸುವ ಅಧಿಕೃತ ವಿಧಾನದ ತತ್ವವೂ ಇದೇ. ಅಪ್ಪ ಇದನ್ನು ನೋಡಿ ಸುಮ್ಮನಾಗುವುದಿಲ್ಲ. ಅಮ್ಮನನ್ನೂ ಕರೆದು, ತಾವೇ ಕಂಡುಹಿಡಿದವರಂತೆ ವಿವರಿಸುತ್ತಾರೆ.

ಪೈಪು ಬಿಚ್ಚುವ ಕೆಲಸವಿದ್ದರೆ ಇಂಜಿನ್ ಆರಿಸಿ, ಒತ್ತಡ ನಿಯಂತ್ರಕದ ಸ್ಕ್ರೂ ಸಡಿಲಿಸಬೇಕು, ಪೂರ್ತಿ ತೆಗೆಯಬಾರದು. ಟೈರಿನಲ್ಲಿ ಎರಡು ಬಾರ್ ಚಿಲ್ಲರೆ ಗಾಳಿಯಿದ್ದರೆ ಇಲ್ಲಿ ಸುಮಾರು 150ರಿಂದ 170 ಬಾರ್. ಕ್ಸಾಂಟಿಯಾದ ಡಬ್ಬಿಗೆ ಹಸಿರು ಎಲ್‌ಎಚ್‌ಎಂ ಎಣ್ಣೆಯೇ ಬೇಕು. "ಬ್ರೇಕ್ ಆಯಿಲ್ ಹಾಕೋ, ಎಲ್ಲ ಒಂದೇ" ಎಂಬ ಸಲಹೆ ಕೇಳಿದರೆ ರಬ್ಬರ್ ಸೀಲುಗಳು ಹಾಳು. ಬ್ರೇಕಿಗೂ ಇದೇ ಒತ್ತಡವಾದ್ದರಿಂದ, ಸ್ಕ್ರೂ ಬಿಗಿದು, ಮತ್ತೆ ಪೂರ್ತಿ ಎತ್ತಿ ಸ್ಟ್ಯಾಂಡು ತೆಗೆದು, ಬ್ರೇಕ್ ಹಿಡಿಯುವುದನ್ನು ನೋಡದೆ ಕಾರು ಕದಲಿಸಬಾರದು.

ಊರಿಗೆ ಮರಳಿದ ಅಪ್ಪಂದಿರು ಬೋಗಾದಿ ರಸ್ತೆಯಲ್ಲಿ ಸಿಟ್ರೊಯೆನ್ ಲಾಂಛನ ಕಂಡೊಡನೆ ಲಿವರ್ ಹುಡುಕಬಾರದು. 2021ರಲ್ಲಿ ಭಾರತಕ್ಕೆ ಬಂದ ಸಿ5 ಏರ್‌ಕ್ರಾಸ್‌ನ ಜಾಹೀರಾತಿನಲ್ಲಿ ಹೈಡ್ರಾಲಿಕ್ ಎಂದಿದ್ದರೂ ಅದು ಶಾಕ್ ಅಬ್ಸಾರ್ಬರಿನ ಮಾತು. ಅದಕ್ಕಿರುವುದು ಉಕ್ಕಿನ ಸ್ಪ್ರಿಂಗು, ಎತ್ತಲು ಮಾಮೂಲಿ ಜಾಕ್ ಸಾಕು. ಕೆಳಗೆ ನುಗ್ಗುವವರಿಗೆ ಮಾತ್ರ ಅಲ್ಲೂ ಸ್ಟ್ಯಾಂಡ್ ಬೇಕು.