ಪಾದಯಾತ್ರೆಯ ಕಾಕಾ

ಯುಗಾದಿಗೆ ಮುನ್ನ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದು ಹೊರಡುವ ಪ್ರತಿ ತಂಡದಲ್ಲೂ ಒಬ್ಬ ಕಾಕಾ ಇರುತ್ತಾನೆ. ಅವನನ್ನು ಯಾರೂ ಆರಿಸಿರುವುದಿಲ್ಲ. ಗದಗ ತಾಲೂಕಿನ ಹುಲಕೋಟಿ ಸೀಮೆಯಲ್ಲಿ ಇದು ವಿಶೇಷ, ಏಕೆಂದರೆ ಅದು ಸಹಕಾರದ ನೆಲ. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಇದೇ ತಾಲೂಕಿನ ಕಣಗಿನಹಾಳದಲ್ಲಿ. ಅಂಥ ಸೀಮೆಯಲ್ಲಿ ಚುನಾವಣೆಯಿಲ್ಲದೆ, ಅವಧಿಯಿಲ್ಲದೆ, ಅವಿಶ್ವಾಸ ಮತದ ಅಂಜಿಕೆಯಿಲ್ಲದೆ ಅಧ್ಯಕ್ಷನಾಗಿ ಉಳಿದವನು ಕಾಕಾ ಒಬ್ಬನೇ.

ಯಾತ್ರೆಯ ಕಾಲವನ್ನು ಗೊತ್ತುಮಾಡುವುದು ಪಂಚಾಂಗವಾದರೂ ಬಿಡುವು ಕೊಡುವುದು ಒಕ್ಕಲುತನ. ಹಿಂಗಾರಿ ಜೋಳ, ಕಡಲೆಗಳ ರಾಶಿ ಮುಗಿದು ಎರೆಹೊಲ ಬಿರುಕು ಬಿಟ್ಟಾಗ ಹೊಲಕ್ಕೆ ಆಳು ಬೇಡ. ಮನೆಗೆ ಬೇಕು ಎಂಬುದು ಕಾಕಾನ ಹೆಂಡತಿಯ ಅಭಿಪ್ರಾಯ, ಅದು ಠರಾವಾಗುವುದಿಲ್ಲ. ಮುಂದಿರುವುದು 400 ಕಿಲೋಮೀಟರಿಗೂ ಮಿಕ್ಕ ದಾರಿ. ದಿನಕ್ಕೆ 30ರ ಲೆಕ್ಕ ಹಿಡಿದರೆ ಎರಡು ವಾರ. ನೆರಳೆಂದರೆ ಅಲ್ಲೊಂದು ಬೇವು, ಇಲ್ಲೊಂದು ಜಾಲಿ.

ಕಾಕಾನ ಮೊದಲ ಕೆಲಸ ಇತರರ ಚೀಲ ಬಿಚ್ಚಿಸುವುದು. ಹೊಸ ಬೂಟು ತಂದವನಿಗೆ ಛೀಮಾರಿ: ಕಾಲಿಗೆ ಹೊಂದಿಕೊಳ್ಳದ ಬೂಟು ಕೊಪ್ಪಳ ಮುಟ್ಟುವುದರೊಳಗೆ ಬೊಬ್ಬೆ ಎಬ್ಬಿಸುತ್ತದೆ, ಇದು ನಿಜ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳಿಗೆ ಮಾತ್ರ ಪರವಾನಗಿ. ಅವುಗಳಲ್ಲಿ ನೀರಿನ ಪಸೆಯಿಲ್ಲ, ಬಿಸಿಲಿಗೆ ಕೆಡುವುದಿಲ್ಲ; ಇದೂ ನಿಜ. ಭಾರ ಹೊತ್ತು ನಡೆದರೇ ಪುಣ್ಯ ಎಂಬ ಮೂರನೆಯ ಉಪದೇಶ ಮುಗಿಯುವಷ್ಟರಲ್ಲಿ ಕಾಕಾನ ಸ್ವಂತ ಚೀಲ ಹಿಂದೆ ಬರುವ ಟಾಟಾ ಏಸ್ ಏರಿ ಕೂತಿರುತ್ತದೆ.

ನಡಿಗೆ ಶುರುವಾಗುವುದು ನಸುಕಿನ ಮೂರಕ್ಕೆ. ಹನ್ನೊಂದರೊಳಗೆ ನೆರಳು ಹಿಡಿದು, ಹೊತ್ತು ಇಳಿದ ಮೇಲೆ ಮತ್ತೆ ಏಳಬೇಕು. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು, ಉಪ್ಪು ಹಾಕಿದ ಮಜ್ಜಿಗೆ ಬೇಕು. ಯಾವ ವೈದ್ಯನೂ ತಕರಾರು ಮಾಡದ ಈ ನಿಯಮಗಳನ್ನು ಕಾಕಾ ತಾನೇ ಕಂಡುಹಿಡಿದಂತೆ ಸಾರುತ್ತಾನೆ. ದೂರದ ವಿಷಯದಲ್ಲಿ ಮಾತ್ರ ಅವನ ಮಾತಿಗೂ ನೆಲಕ್ಕೂ ಸಂಬಂಧವಿಲ್ಲ. ಬೆಳಿಗ್ಗೆ ಆರಕ್ಕೆ ಕೇಳಿದರೂ, ಹತ್ತಕ್ಕೆ ಕೇಳಿದರೂ ಒಂದೇ ಉತ್ತರ: “ಬಂತ ತಮ್ಮಾ, ಇನ್ನ ಬರೇ ಎರಡ ಕಿಲೋಮೀಟರ್.” ಮೈಲಿಗಲ್ಲು ಎದುರಿಗೆ 14 ಎಂದು ತೋರಿಸಿದರೆ, “ಅದು ಬಸ್ಸಿನ ಲೆಕ್ಕರಿ” ಎಂಬ ಸಮಜಾಯಿಷಿ ಸಿದ್ಧವಿರುತ್ತದೆ.

ದಾರಿಯ ಊರುಗಳವರು ಪೆಂಡಾಲು ಹಾಕಿ ದಾಸೋಹ ನಡೆಸುತ್ತಾರೆ. ಕಾಲಿಗೆ ಎಣ್ಣೆ ತಿಕ್ಕುವವರೂ ಉಂಟು. ಕಾಕಾನ ಭೂಗೋಳ ನಿಂತಿರುವುದು ಇದರ ಮೇಲೆ. ಅವನ ನಕ್ಷೆಯಲ್ಲಿ ತಾಲೂಕು, ಜಿಲ್ಲೆಗಳಿಲ್ಲ: ಗೋಧಿ ಹುಗ್ಗಿಯ ಊರು, ಬದನೆಕಾಯಿ ಪಲ್ಯದ ಊರು, ಬರೀ ಅನ್ನ-ಸಾರಿನ ಊರು. ಪುಕ್ಕಟೆ ಊಟದ ಮುಂದೆ ಕೂತು, “ಹೋದ ವರ್ಷ ಹುಗ್ಗಿಗೆ ತುಪ್ಪ ಇತ್ತು” ಎಂದು ನೆನಪಿಸುವ ಧೈರ್ಯ ಅವನಿಗೇ ಮೀಸಲು.

ಕರ್ನೂಲು ದಾಟಿ ಆತ್ಮಕೂರಿಗೆ ಬಂದರೆ ಬಯಲು ಮುಗಿದು ನಲ್ಲಮಲ ಕಾಡು ಸಮೀಪಿಸುತ್ತದೆ. ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು ಕಳೆದ ಮೇಲೆ ಭೀಮನ ಕೊಳ್ಳ. ಆಳದ ಕಣಿವೆಗೆ ಇಳಿದು, ಎದುರಿನ ಮೆಟ್ಟಿಲುಗಳನ್ನು ಹತ್ತಿ ಕೈಲಾಸ ಬಾಗಿಲು ಸೇರಬೇಕು. ಹುಲಿ ರಕ್ಷಿತಾರಣ್ಯದ ಈ ಭಾಗದಲ್ಲಿ ಯುವಕರು ಹುಲಿ ಕಂಡೀತೇ ಎಂದು ನೋಡುತ್ತಾರೆ. ಅದಕ್ಕಿಂತ ಅಪರೂಪದ್ದೊಂದು ಅವರಿಗೆ ಕಾಣಸಿಗುತ್ತದೆ: ಏರುದಾರಿಯಲ್ಲಿ ಮಾತಿಲ್ಲದ ಕಾಕಾ. ಎಷ್ಟು ದೂರ ಎಂದು ಕೇಳಿದರೆ ಕೈಯೆತ್ತಿ ಎರಡು ಬೆರಳು ತೋರಿಸುತ್ತಾನೆ.

ಶ್ರೀಶೈಲದ ಭ್ರಮರಾಂಬೆ ಕನ್ನಡಿಗರ ಮನೆಮಗಳು ಎಂಬುದು ಈ ಯಾತ್ರಿಕರ ನಂಬಿಕೆ. ಯುಗಾದಿಗೆ ಅವಳಿಗೆ ಸೀರೆ, ಅರಿಷಿಣ, ಕುಂಕುಮ ಒಯ್ಯುತ್ತಾರೆ. ಆ ಲೆಕ್ಕದಲ್ಲಿ ಅವಳ ಗಂಡ ಮಲ್ಲಯ್ಯ ಅಳಿಯ. ಈ ಬೀಗತನವನ್ನು ಕಾಕಾ ಅಕ್ಷರಶಃ ನಂಬಿರುವುದರಿಂದ ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲುವಾಗ ಗೊಣಗುತ್ತಾನೆ: “ಅಳಿಯನ ಮನಿಗೆ ಮಾವ ಬಂದ್ರ ಹೊರಗ ನಿಂದ್ರಸ್ತಾರೇನ್ರೀ?” ಗರ್ಭಗುಡಿಯ ಮುಂದೆ ನಿಂತ ಗಳಿಗೆಯಲ್ಲಿ ಮಾತ್ರ ಕಣ್ಣು ತುಂಬಿ ಮಾವನ ಗತ್ತು ಮರೆತುಹೋಗುತ್ತದೆ.

ಮರಳುವುದು ಬಸ್ಸಿನಲ್ಲಿ. ಎರಡು ವಾರ ನಡೆದ ದಾರಿ ಒಂದು ರಾತ್ರಿಯಲ್ಲಿ ಮುಗಿಯುತ್ತದೆ, ಕೂತು ಕೂತು ಕಾಲು ಹಿಡಿಯಿತೆಂದು ಕಾಕಾ ಉದ್ದಕ್ಕೂ ನರಳುತ್ತಾನೆ. ಉಳಿದ ವರ್ಷವೆಲ್ಲ ಅವನು ಮನೆಯಿಂದ ಚಹಾದಂಗಡಿಗೂ ಬೈಕಿನ ಮೇಲೆಯೇ ಹೋಗುತ್ತಾನೆ. ಅಲ್ಲಿ ಕೂತು, ಈಗಿನ ಹುಡುಗರಿಗೆ ನಡೆಯುವ ರೂಢಿಯೇ ಇಲ್ಲವೆಂದು ಮರುಗುತ್ತಾನೆ.